ಗೆಲಾಕ್ಸಿಗಳು ಗುದ್ದಿಕೊಂಡ ಪಾಠ

ನಮ್ಮ ಫಿಸಿಕ್ಸ್ ಮೇಷ್ಟ್ರು ನಕ್ಕರೆ ಮೊದಲು ಹೊಟ್ಟೆ ಕುಣಿಯುತ್ತಿತ್ತು, ಆಮೇಲೆ ಭುಜ. ಸದ್ದು ಬರುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಹೊಸದುರ್ಗದ ನಮ್ಮ ಕಾಲೇಜಿನ ಇಡೀ ತರಗತಿ ನಗುತ್ತಿರುತ್ತಿತ್ತು.

ಪುಸ್ತಕದಲ್ಲಿಲ್ಲದ್ದನ್ನು ಹೇಳುವುದು ಅವರ ಚಟ. ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದರೆ, "ಬರಲ್ಲ, ಅದಕ್ಕೇ ಆರಾಮಾಗಿ ಕೇಳ್ರಿ" ಎನ್ನುತ್ತಿದ್ದರು. ಹಾಗೇ ಒಂದು ದಿನ ಗೆಲಾಕ್ಸಿ ಗುಚ್ಛಗಳ ಮಾತು ಬಂತು. ನೂರಾರು ಗೆಲಾಕ್ಸಿಗಳು ಗುಂಪುಗೂಡಿದರೆ ಒಂದು ಗುಚ್ಛ. ಅಂಥ ಎರಡು ಗುಚ್ಛಗಳು ಗುದ್ದಿಕೊಂಡರೆ ಗೆಲಾಕ್ಸಿಗಳು ತಾಗದೆ ಆಚೆ ದಾಟಿಹೋಗುತ್ತವಂತೆ. ನಡುವಿನ ಅನಿಲ ಮಾತ್ರ ಡಿಕ್ಕಿ ಹೊಡೆದು, ಆ ರಭಸಕ್ಕೆ ರೇಡಿಯೋ ಅಲೆಗಳು ಹೊಮ್ಮುತ್ತವಂತೆ. ಹೊಸ ನಕ್ಷತ್ರಗಳೂ ರಾಶಿ ರಾಶಿ ಹುಟ್ಟುತ್ತವೆ ಎಂದು ಮೇಷ್ಟ್ರು ಗಟ್ಟಿಯಾಗಿ ನಂಬಿದ್ದರು.

ನಮ್ಮ ತಲೆಗೆ ಏನೂ ಹೋಗಲಿಲ್ಲ. ತೋರಿಸಿಯೇ ಬಿಡುತ್ತೇನೆಂದು ಬಾಗೂರು ರಸ್ತೆಗೆ ಕರೆದೊಯ್ದರು. ಎದುರುಬದುರು ಬರುತ್ತಿದ್ದ ಎರಡು ಕುರಿಮಂದೆಗಳ ಯಜಮಾನರನ್ನು ಪುಸಲಾಯಿಸಿ, ಮಂದೆಗಳನ್ನು ಒಂದರೊಳಗೊಂದು ನುಗ್ಗಿಸಿದರು. ಕುರಿ ಸಾಕುವ ಈ ಸೀಮೆಯಲ್ಲಿ ಹುಟ್ಟಿದವರು ಯಾರೂ ಮಾಡಬಾರದ ಕೆಲಸ ಅದು. ಕುರಿಗಳು ದಾಟಿಹೋಗಲಿಲ್ಲ, ಕಲಸಿಹೋಗಿ, ಮೇಯುವುದನ್ನೂ ಮರೆತು ನಿಂತುಬಿಟ್ಟವು.

"ನಿಮ್ ಪಾಠ ಆತಲ್ಲ ಮೇಷ್ಟ್ರೇ, ಈಗ ಬಿಡಿಸ್ರಿ" ಎಂದ ಕುರಿ ಕಾಯುವ ಅಜ್ಜ. ಬೆನ್ನ ಮೇಲಿನ ಬಣ್ಣದ ಗುರುತು ನೋಡಿಕೊಂಡು ನಾವೆಲ್ಲ ಸಂಜೆವರೆಗೂ ಕುರಿ ಬೇರ್ಪಡಿಸಿದೆವು. ಮೇಷ್ಟ್ರು ಒಂದು ಟಗರನ್ನು ತಬ್ಬಿಕೊಂಡು ನಗುತ್ತಲೇ ಇದ್ದರು. ನನಗೆ ಆಕಾಶದ ಹುಚ್ಚು ಹಿಡಿದದ್ದು ಅವತ್ತೇ.

ಈಗ ಅಂಥ ಗುಚ್ಛಗಳನ್ನೇ ನೋಡುವುದು ನನ್ನ ಉದ್ಯೋಗ. ಹೋದ ವರ್ಷ ಮೇಷ್ಟ್ರು ನಿವೃತ್ತರಾಗುವ ದಿನ, ತಮ್ಮ ಕೊನೆಯ ತರಗತಿಗೆ ನನ್ನನ್ನು ಕರೆಸಿಕೊಂಡರು. ಗುಚ್ಛಗಳ ಗುದ್ದಾಟವನ್ನೇ ಹೇಳಬೇಕೆಂದು ಅಪ್ಪಣೆ. ರೇಡಿಯೋ ಅಲೆಗಳ ವಿಷಯದಲ್ಲಿ ಅವರು ಹೇಳಿದ್ದೇ ಸರಿಯಿತ್ತು. ಆದರೆ ನಾನು ನೋಡಿದ, ಗುದ್ದಿಕೊಂಡ ಗುಚ್ಛಗಳ ಜೋಡಿಯಲ್ಲಿ ನಕ್ಷತ್ರ ಹುಟ್ಟಲು ಬೇಕಾದ, ಗೆಲಾಕ್ಸಿಗಳೊಳಗಿನ ಅನಿಲವೂ ಕಿತ್ತುಹೋಗಿ, ನಕ್ಷತ್ರ ಹುಟ್ಟುವುದೇ ಕಡಿಮೆಯಾಗಿತ್ತು. ವರ್ಷವರ್ಷವೂ ಅವರು ಕಲಿಸಿದ್ದಕ್ಕೆ ತದ್ವಿರುದ್ಧ. ಬೀಳ್ಕೊಡುವ ದಿನವೇ, ಅವರ ವಿದ್ಯಾರ್ಥಿಗಳೆದುರೇ ಇದನ್ನು ಹೇಗೆ ಹೇಳಲಿ?

ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ವಿಷಯ ತಿಳಿಸಿ, ಬೇಕಾದರೆ ಬೇರೇನಾದರೂ ಮಾತಾಡುತ್ತೇನೆ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟರು.

"ಹುಟ್ಟಲ್ವೇನವ್ವ?"

ಮೊದಮೊದಲು ಒಂದಿಷ್ಟು ಹುಟ್ಟಬಹುದು, ಆಮೇಲೆ ಕಷ್ಟ ಎಂದೆ. ಅವರು ನನ್ನ ಕೈ ಹಿಡಿದು ತರಗತಿಗೆ ಎಳೆದುಕೊಂಡೇ ಹೋದರು. ನಾನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಹುಡುಗರ ನಡುವೆ ಕುಳಿತು ಕೇಳಿದರು. ಆಮೇಲೆ ಎದ್ದು ನಿಂತರು. ಕಣ್ಣು ತುಂಬಿತ್ತು, ಆದರೆ ಅಷ್ಟು ಖುಷಿಯಾಗಿ ಅವರನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನಾನು ಹೇಳಿದ್ದು ತಪ್ಪೈತೆ, ಹೊಡೆದಾಕ್ರಿ. ಇವಳು ಹೇಳಿದ್ದು ಬರ್ಕಳ್ರಿ. ನನ್ನ ತಪ್ಪು ಹಿಡಿಯೋವಂಥ ಹುಡುಗೀನ ನಾನೇ ತಯಾರ್ ಮಾಡೀನಿ."

ನಾನೂ ಈಗ ಪಾಠ ಹೇಳುತ್ತೇನೆ. ತರಗತಿಯೊಳಗೆ ಕಾಲಿಟ್ಟ ಕೂಡಲೇ, ಮುಂದೊಂದು ದಿನ ನನ್ನನ್ನು ತಿದ್ದುವವಳು ಇವರಲ್ಲಿ ಯಾರಿರಬಹುದು ಎಂದು ಆಸೆಯಿಂದ ಹುಡುಕುತ್ತೇನೆ.