ಎಕ್ಕದ ಜೋಡಿಯೂ ಚೌಡಯ್ಯನ ರಜವೂ

ಬ್ಲಫ್ ಎಂಬ ಊರಿನಲ್ಲೇ ಅರ್ಧ ಆಯುಸ್ಸು ಕಳೆದೂ ಬ್ಲಫ್ ಮಾಡಲು ಬಾರದ ಮನುಷ್ಯನೆಂದರೆ ಚೌಡಯ್ಯನೊಬ್ಬನೇ. ಸುಳ್ಳು ಹೇಳಲು ಹೊರಟರೆ ಸಾಕು, ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಮೂಗು. ಅಲ್ಲಿನ ಶಿವನಸಮುದ್ರದ ಕರೆಂಟು ಮನೆಗೆ ನೀರು ಬಿಡುವ ಗೇಟು ಅವನ ಸುಪರ್ದಿಯಲ್ಲಿತ್ತು. ಹೆಂಡತಿ ಚಿಕ್ಕನಂಜಮ್ಮ, ಮಗಳು ಬೆಳ್ಳಮ್ಮ, ಎಮ್ಮೆ, ಕೋಳಿ ಎಲ್ಲ ಬೆಸಗರಹಳ್ಳಿಯಲ್ಲಿ, ಅವನು ಇಲ್ಲಿ. ಅವನ ಸಂಸಾರಕ್ಕೂ ಅವನಿಗೂ ನಡುವೆ ಕನೆಕ್ಷನ್ ಇತ್ತು, ಕರೆಂಟು ಮಾತ್ರ ಯಾವಾಗಲಾದರೊಮ್ಮೆ ಹರಿಯುತ್ತಿತ್ತು.

ಗೇಟಿನ ಕೆಲಸ ಅವನ ಸ್ವಭಾವವನ್ನೇ ಪಳಗಿಸಿಬಿಟ್ಟಿತ್ತು. ನೀರನ್ನು ಒಮ್ಮೆಗೇ ನುಗ್ಗಿಸಿದರೆ ಕೊಳವೆ ನಡುಗಿ ಯಂತ್ರಕ್ಕೇ ಸಂಚಕಾರ. ಅದಕ್ಕೇ ಚಕ್ರವನ್ನು ಅಷ್ಟಷ್ಟೇ ತಿರುಗಿಸಬೇಕು. ಚೌಡಯ್ಯ ಮುದ್ದೆಗೆ ಸಾರನ್ನೂ ಅಷ್ಟಷ್ಟೇ ಬಿಡುತ್ತಿದ್ದ, ಬಾಯಿಂದ ಮಾತನ್ನೂ ಅಷ್ಟಷ್ಟೇ ಬಿಡುತ್ತಿದ್ದ. ಇಸ್ಪೀಟಿಗೆ ಕೂತರೆ ಪಣವನ್ನೂ ಹಾಗೆಯೇ ಕಟ್ಟುತ್ತಿದ್ದ.

ಅದು ಯುದ್ಧದ ಕಾಲ. ಬೆಳ್ಳಮ್ಮನಿಗೆ ಯಲಿಯೂರಿನಲ್ಲಿ ಗಂಡು ಗೊತ್ತಾಗಿತ್ತು. ಆದರೆ ವೀಳ್ಯಶಾಸ್ತ್ರ ಎರಡು ಸಲ ಮುಂದಕ್ಕೆ ಹೋಗಿತ್ತು. ಎರಡು ಸಲವೂ ಚೌಡಯ್ಯನಿಗೆ ರಜ ಸಿಕ್ಕಿರಲಿಲ್ಲ. ಗಂಡಿನವರದೋ ಹಳೇ ಕಟ್ಟುಪಾಡು. ವೀಳ್ಯ ಹೆತ್ತ ತಂದೆಯ ಕೈಯಿಂದಲೇ ಬರಬೇಕು, ಚಿಕ್ಕಪ್ಪ ಸೋದರಮಾವಂದಿರ ಕೈ ನಡೆಯದು. ಮೂರನೆಯ ಸಲ ವಿಜಯದಶಮಿಗೆ ಇಟ್ಟುಕೊಂಡು, ಅಂದೂ ತಪ್ಪಿದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು.

ಹಿಂದಿನ ಸಲ ಊರಿಗೆ ಹೋದಾಗ ಚಿಕ್ಕನಂಜಮ್ಮ ಅಂದಿದ್ದಳು: "ಈ ಸಲ್ವೂ ನೀ ಬರ್ನಿಲ್ಲ ಅಂದ್ರೆ ನಿನ್ ಪೋಟಾನೇ ಕೂರಿಸಿ ಈಳ್ಯ ಕೊಡಿಸ್ತೀನಿ. ಅದ್ಕೊಂದು ಹಾರಾನೂ ಆಕ್ಬುಡ್ಲಾ?"

ದಸರೆಗೆ ಮೈಸೂರೆಲ್ಲ ದೀಪದಲ್ಲಿ ಜಗಜಗಿಸುವಾಗ ಕರೆಂಟು ಮನೆಯವರಿಗೆ ರಜದ ಮಾತೇ ಇಲ್ಲ. ಬಹಳ ಹೇಳಿಕೊಂಡ ಮೇಲೆ ಫೋರ್‌ಮನ್ನು, ಒಬ್ಬ ಹೋಗಬಹುದು, ಯಾರೆಂದು ನೀವೇ ತೀರ್ಮಾನ ಮಾಡಿಕೊಳ್ಳಿ ಎಂದ. ಇಂಥ ತೀರ್ಮಾನಕ್ಕೆ ಬ್ಲಫ್ಫಿನಲ್ಲಿ ಒಂದು ಪದ್ಧತಿಯಿತ್ತು. ಹಿಂದಿದ್ದ ಬಿಳಿ ದೊರೆಗಳು ಕಲಿಸಿಹೋಗಿದ್ದ ಸ್ಟಡ್ ಪೋಕರು ಎಂಬ ಇಸ್ಪೀಟಾಟ. ಪಣಕ್ಕೆ ಹುಣಸೆ ಬೀಜ. ಕೊನೆಗೆ ಯಾರ ಗುಡ್ಡೆ ದೊಡ್ಡದೋ ಅವನಿಗೆ ರಜ.

ಮಧ್ಯಾಹ್ನ ಊಟವಾದ ಮೇಲೆ ಹೊಂಗೆ ಮರದಡಿ ಚಾಪೆ ಬಿತ್ತು. ಚೌಡಯ್ಯನ ಎದುರಾಳಿಗಳು ಇಬ್ಬರು. ವೈರ್‌ಮನ್ ವಾಜಿದನಿಗೆ ಮಳವಳ್ಳಿಯ ಅತ್ತೆ ಮನೆ ಬಿರಿಯಾನಿಯ ಆಸೆ. ಸ್ವಿಚ್ಚು ನೋಡುವ ಹುಚ್ಚೀರಯ್ಯನಿಗೆ ಮೈಸೂರಿನ ಕುಸ್ತಿಯ ಹುಚ್ಚು. ಎಲೆ ಹಾಕುವವರು ಹಿರಿಯ ಫಿಟ್ಟರು ಮಜೀದ್ ಸಾಬರು. ಅವರು ಆಡುತ್ತಿರಲಿಲ್ಲ, ಆಡಿಸುತ್ತಿದ್ದರು.

ಆಟ ಸುಲಭ. ಒಬ್ಬೊಬ್ಬರಿಗೂ ಒಂದೆಲೆ ಕವುಚಿ, ಒಂದೆಲೆ ತೆರೆದು ಹಾಕುತ್ತಾರೆ. ಆಮೇಲೆ ಬರುವ ಮೂರೂ ತೆರೆದೇ ಬರುತ್ತವೆ. ಒಂದೊಂದು ಎಲೆ ಬಿದ್ದಾಗಲೂ ಬೀಜ ಕಟ್ಟಬೇಕು, ಕಟ್ಟದವನು ಎಲೆ ಎಸೆಯಬೇಕು. ಜೋಡಿಗಳಲ್ಲಿ ಎಕ್ಕದ್ದೇ ಎಲ್ಲಕ್ಕಿಂತ ದೊಡ್ಡದು, ಆದರೆ ಯಾವ ಒಂದು ಜೋಡಿಯನ್ನೂ ಎರಡು ಜೋಡಿ ಹೊಡೆಯುತ್ತದೆ.

ಮೊದಲೇ ಚೌಡಯ್ಯನಿಗೆ ರಾಜನ ಜೋಡಿ ಬಿತ್ತು. ಒಂದು ಕವುಚಿ, ಒಂದು ತೆರೆದು. ಅಭ್ಯಾಸಬಲ! ಒಂದೇ ಒಂದು ಬೀಜ ಮುಂದೆ ತಳ್ಳಿದ. ಇಷ್ಟು ಅಗ್ಗಕ್ಕೆ ಯಾರು ಬಿಟ್ಟಾರು? ಕೈಯಲ್ಲಿ ಏನೂ ಇಲ್ಲದ ವಾಜಿದ ಕೊನೆಯವರೆಗೂ ತೆವಳಿಕೊಂಡು ಬಂದು, ಕೊನೇ ಎಲೆಗೆ ಎರಡು ಜೋಡಿ ಮಾಡಿ, ಪಣ ಏರಿಸಿ, ಚೌಡಯ್ಯನ ಅರ್ಧ ಗುಡ್ಡೆಯನ್ನು ಬಾಚಿಕೊಂಡ.

"ಚೌಡಣ್ಣ," ಮಜೀದ್ ಸಾಬರು ಎಲೆ ಕಲಸುತ್ತಾ ಅಂದರು, "ಬರೋವಾಗ್ಲೇ ದೊಡ್ಡ ಜೋಡಿ ಬಂದ್ರೆ ಅದು ಆವಾಗ್ಲೇ ದೊಡ್ಡದು. ಎಲೆ ಬೀಳ್ತಾ ಬೀಳ್ತಾ ಅದರ ಬೆಲೆ ಇಳೀತದೆ. ದೊಡ್ಡ ಪಣ ಕಟ್ಟಿ ಹಿಂದೆ ಬರೋರ್ನ ಬಾಗಿಲಲ್ಲೇ ತಡೀಬೇಕು. ಮೂರು ರಾಜ ಬಂದಾಗ ಬೇಕಾದ್ರೆ ಮೆಲ್ಲಗೆ ಹೋಗು. ಜೋಡಿಗೆ ಆ ದೌಲತ್ತು ಇಲ್ಲ."

"ಲೇ ಸಾಬಿ, ನೀ ಎಲೆ ಆಕ್ತಿದ್ದೀಯೋ, ಇಸ್ಕೂಲ್ ಇಟ್ಟಿದ್ದೀಯೋ?" ಹುಚ್ಚೀರಯ್ಯ ಸಿಡುಕಿದ.

"ನಿಂಗೂ ಹೇಳ್ದೆ ಕಣಯ್ಯ. ನೀನು ಕೇಳಿಸ್ಕೊಳಲ್ಲ, ಅಷ್ಟೇಯ."

ಆಟ ಮುಂದುವರಿಯಿತು. ಚೌಡಯ್ಯನ ಗುಡ್ಡೆ ಕರಗುತ್ತಾ ಬಂತು. ಹೊತ್ತು ಇಳಿಯುವ ವೇಳೆಗೆ, ಕೊನೆಯ ಆಟಕ್ಕೆ, ಅವನಿಗೆ ಬಂದ ತೆರೆದ ಎಲೆ ಎಕ್ಕ. ಕವುಚಿದ್ದರ ಮೂಲೆ ಎತ್ತಿ ನೋಡಿದ. ಅದೂ ಎಕ್ಕ! ಕೈ ತಾನಾಗಿ ಒಂದು ಬೀಜವನ್ನು ಚಿವುಟಿ ಎತ್ತಿತು. ಅಷ್ಟರಲ್ಲಿ ಹಾರ ಹಾಕಿಸಿಕೊಂಡ ತನ್ನದೇ ಫೋಟೋ ಕಣ್ಣ ಮುಂದೆ ಬಂದು ನಿಂತಿತು. ಚೌಡಯ್ಯ ಕಣ್ಣು ಮುಚ್ಚಿ, ಉಳಿದಿದ್ದರಲ್ಲಿ ಅರ್ಧವನ್ನು ಎರಡೂ ಕೈಯಲ್ಲಿ ಬಾಚಿ ಮುಂದಕ್ಕೆ ನೂಕಿದ.

"ಏನ್ಲಾ ಇದು, ಕಟ್ಟೆ ಒಡೀತಾ?" ಎಂದು ಹುಚ್ಚೀರಯ್ಯ ಬೆಚ್ಚಿದ. ಚೌಡಯ್ಯನ ಆಮೇಲೆ ಎಲೆ ಪಡೆಯುವ ವಾಜಿದನ ತೆರೆದ ಎಲೆ ಏಳು. ಎಕ್ಕದ ಕಡೆಗೊಮ್ಮೆ, ಬೀಜಗಳ ಕಡೆಗೊಮ್ಮೆ ನೋಡಿ, "ನಂಗ್ಯಾಕಪ್ಪ ಇದರ ಸಹವಾಸ" ಎಂದು ಎಲೆ ಎಸೆದ. ರಾಣಿ ಹಿಡಿದಿದ್ದ ಹುಚ್ಚೀರಯ್ಯ ಹಟಕ್ಕೆ ಬಿದ್ದು ಉಳಿದುಕೊಂಡ.

ಚೌಡಯ್ಯನಿಗೆ ಹತ್ತು, ಹುಚ್ಚೀರಯ್ಯನಿಗೆ ಏಳು. ಆಮೇಲೆ ಚೌಡಯ್ಯನಿಗೆ ಐದು. ಹುಚ್ಚೀರಯ್ಯನಿಗೆ ಇನ್ನೊಂದು ರಾಣಿ! ಅವನ ಮೀಸೆ ತಾನಾಗಿ ಮೇಲೆದ್ದಿತು. ಕೊನೆಯ ಸುತ್ತಿನಲ್ಲಿ ಚೌಡಯ್ಯನಿಗೆ ಒಂಬತ್ತು, ಅವನಿಗೆ ನಾಲ್ಕು. "ರಾಣೀರು ಇಬ್ರು ಕಣ್ಲಾ! ಇಗೋ, ನಂದೆಲ್ಲ ಕಟ್ದೆ. ಧೈರ್ಯ ಇದ್ರೆ ಬಾ" ಎಂದು ಹುಚ್ಚೀರಯ್ಯ ಇಡೀ ಗುಡ್ಡೆಯನ್ನೇ ತಳ್ಳಿದ.

ಚೌಡಯ್ಯನ ಕಿವಿ ಕೆಂಪಾಗಲಿಲ್ಲ, ಸುಳ್ಳಿದ್ದರಲ್ಲವೇ ಆಗುವುದು? ಉಳಿದ ಬೀಜಗಳನ್ನೆಲ್ಲ ಇಟ್ಟು, ಕವುಚಿದ ಎಲೆಯನ್ನು ಮಗುಚಿದ. ಹುಚ್ಚೀರಯ್ಯನ ಗುಟ್ಟಿನ ಎಲೆಯಲ್ಲಿ ಏನೂ ಇರಲಿಲ್ಲ; ಚಾಪೆಯ ಮೇಲಿದ್ದ ಬೀಜವೆಲ್ಲ ಎಕ್ಕದ ಜೋಡಿಯ ಪಾಲಾಯಿತು.

ಎಲ್ಲರಿಗಿಂತ ಮೊದಲು ಬಾಯಿ ಬಡಿದುಕೊಂಡವನು ವಾಜಿದ. ಎಸೆದಿದ್ದ ತನ್ನ ಗುಟ್ಟಿನ ಎಲೆ ಎತ್ತಿ ತೋರಿಸಿದ. ಒಂಬತ್ತು! "ಯಾ ಅಲ್ಲಾ! ನಾನು ಉಳಿದಿದ್ರೆ ಆ ಏಳೂ ನಂಗೇ ಬರ್ತಿತ್ತು, ಈ ಒಂಬತ್ತೂ ನಂಗೇ ಬರ್ತಿತ್ತು. ಎರಡು ಜೋಡಿ! ಎಕ್ಕಾನೂ ಹೊಡೀತಿದ್ದೆ, ರಾಣೀನೂ ಹೊಡೀತಿದ್ದೆ!"

"ಅದ್ಕೇ ನಿನ್ನ ಬಾಗಿಲಲ್ಲೇ ತಡೆದದ್ದು" ಎಂದರು ಮಜೀದ್ ಸಾಬರು. ಅವರು ಉಳಿದಿಬ್ಬರ ಗುಡ್ಡೆಯನ್ನೂ ಅಳೆದು ನೋಡಿದರು. ವಾಜಿದನದಕ್ಕಿಂತ ಚೌಡಯ್ಯನದು ಒಂದು ಹಿಡಿ ಹೆಚ್ಚಿತ್ತು.

ಚೌಡಯ್ಯ ಎಷ್ಟು ಹೊತ್ತಿನಿಂದ ಹಿಡಿದಿದ್ದನೋ, ಒಂದು ಉಸಿರು ಬಿಟ್ಟ. ಚಾಪೆಯ ಮೇಲಿನ ಎಲೆಗಳೇ ಅಲ್ಲಾಡಿದವು.

ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡುವ ಬಸ್ಸು ಕೆಮ್ಮುತ್ತಾ ಮದ್ದೂರಿಗೆ ತಲುಪಿಸಿತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ. ವಿಜಯದಶಮಿಯ ಬೆಳಗ್ಗೆ ಚೌಡಯ್ಯ ಅಂಗಳಕ್ಕೆ ಕಾಲಿಟ್ಟಾಗ ಗಂಡಿನವರು ಆಗಲೇ ಚಾಪೆಯ ಮೇಲಿದ್ದರು. ಅವನ ಮುಖವೆಲ್ಲ ಮಸಿ.

"ಇವ್ರೇಯಾ ಅಪ್ಪ?" ಗಂಡಿನ ತಂದೆ ಅನುಮಾನದಿಂದ ಕೇಳಿದ.

"ತೊಳುದ್ರೆ ಅವ್ರೇ" ಎಂದಳು ಚಿಕ್ಕನಂಜಮ್ಮ, ಚೊಂಬಿನಲ್ಲಿ ನೀರು ಹಿಡಿದು. ದನಿಯಲ್ಲಿ ಜಬರಿತ್ತು, ಆದರೆ ಚೊಂಬು ಕೊಡುವಾಗ ಅವನ ಮುಖವನ್ನೇ ನೋಡುತ್ತಾ ಅರ್ಧ ನೀರನ್ನು ಅವನ ಪಾದದ ಮೇಲೇ ಚೆಲ್ಲಿದಳು.

ವೀಳ್ಯದ ತಟ್ಟೆ ಕೈಗೆ ಬಂದಾಗ ಚೌಡಯ್ಯ ಅದನ್ನು ಅಷ್ಟಷ್ಟೇ ಚಾಚಲಿಲ್ಲ. ಗಂಡಿನ ತಂದೆಯ ಮಡಿಲಿಗೇ ನೂಕಿ, "ತಕಳಿ, ತಕಳಿ" ಎಂದ. ಒಳಮನೆಯಿಂದ ಬೆಳ್ಳಮ್ಮ ನಕ್ಕ ಸದ್ದು ಕೇಳಿಸಿತು.

ಊಟವಾದ ಮೇಲೆ ಗಂಡಿನ ಕಡೆಯವರೊಬ್ಬರು ಇಸ್ಪೀಟು ತೆಗೆದು, "ಬೀಗ್ರೇ, ಒಂದು ಕೈ ಆಡ್ತೀರಾ?" ಎಂದು ಕರೆದರು. ಬೀಗರು ಜಗಲಿಯ ಕಂಬಕ್ಕೆ ಒರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು.