ಹಿಂದೆ ಸರಿದ ಸಮುದ್ರ

ನಾನು ತುರ್ವಿಹಾಳದವಳು, ಕಾಲುವೆ ನೀರಲ್ಲಿ ಈಜು ಕಲಿತವಳು. ಮಸ್ಕಿಯಲ್ಲಿ ನೌಕರಿ. ರಜೆ ಸಿಕ್ಕರೆ ಕರಾವಳಿಗೆ ಹೋಗಿ ಸಮುದ್ರದಲ್ಲಿ ಕಯಾಕ್ ನಡೆಸುತ್ತೇನೆ; ಒಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ ಅದು. ಈ ಹುಚ್ಚು ಎಂಥದ್ದು ನೋಡೇಬಿಡೋಣ ಎಂದು ಒಮ್ಮೆ ಅಣ್ಣನೂ ಜೊತೆಗೆ ಹೊರಟ. ನನಗಿಂತ ಬಹಳ ದೊಡ್ಡವನು. ಅವನೆದುರು ನಮ್ಮ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ.

ಡೇರೆಯ ವಿಷಯಕ್ಕೇ ಜಗಳ ಶುರುವಾಯಿತು. ದಂಡೆ ಬಿಟ್ಟು ಹಿಂದಿನ ಗುಡ್ಡದ ಮೇಲೆ ಹಾಕಿಸಿದೆ.

"ನೀರು ನೋಡಾಕ ಬಂದು ಗುಡ್ಡದ ಮ್ಯಾಲ ಮಲಗೂದೇನ? ನಿನಗ ತಲಿ ಕೆಟ್ಟೈತಿ," ಅಂದ.

"ಸಮುದ್ರ ಕಾಲುವಿ ಅಲ್ರಿ ಅಣ್ಣಾ. ಇದಕ್ಕ ಗೇಟ್ ಇಲ್ಲ," ಅಂದೆ.

ಬೆಳಿಗ್ಗೆ ನಾನು ಮೇಲೆ ಚಹಾ ಕುದಿಸುತ್ತಿದ್ದೆ, ಅಣ್ಣ ಕೆಳಗೆ ದಂಡೆಯಲ್ಲಿ ಅಡ್ಡಾಡುತ್ತಿದ್ದ. ಭರತ ಏರುವ ಹೊತ್ತು. ಆದರೆ ನೀರು ಸರಸರನೆ ಹಿಂದೆ ಸರಿಯಿತು. ಅಲ್ಲಿಯವರೆಗೆ ಕಾಣದ ಬಂಡೆಗಳು ಕಂಡವು, ಮೀನುಗಳು ಮರಳಲ್ಲಿ ಪಟಪಟ ಒದ್ದಾಡಿದವು. ಸಮುದ್ರ ಹೀಗೆ ಹಿಂದೆ ಹೋದರೆ ಸುನಾಮಿ ಬರಬಹುದು, ಕಾರಣ ಹುಡುಕದೆ ಎತ್ತರಕ್ಕೆ ಓಡಬೇಕು ಎಂದು ಕಯಾಕ್ ಕಲಿಸಿದವರು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅಣ್ಣನಿಗೆ ಕಾಲುವೆ ಕಲಿಸಿದ್ದೇ ಬೇರೆ. ನೀರು ನಿಲ್ಲಿಸಿದ ದಿನ ನಮ್ಮಲ್ಲಿ ಊರಿಗೆ ಊರೇ ಕಾಲುವೆಗೆ ಇಳಿದು ಮೀನು ಬಾಚುತ್ತದೆ. ಅವನು ಲುಂಗಿ ಎತ್ತಿ ಕಟ್ಟಿ, ಟವೆಲ್ ಹಿಡಿದು ಇಳಿದೇಬಿಟ್ಟ.

"ಅಣ್ಣಾ, ಮ್ಯಾಲ ಬರ್ರಿ!"

"ತಡಿಬೇ, ಮೀನ ಭಾಳ ಅದಾವ!" ಎಂದು ಇನ್ನೂ ಮುಂದೆ ಹೋದ.

ಇಳಿದು ಹೋಗಿ ಎಳೆದು ತರುವಷ್ಟು ಹೊತ್ತಿರಲಿಲ್ಲ. ಅತ್ತಿಗೆಗೆ ಏನು ಮುಖ ತೋರಿಸಲಿ? ಹುಟ್ಟಿದಾಗಿನಿಂದ 'ರೀ' ಹಚ್ಚದೆ ಅವನ ಜೊತೆ ಮಾತಾಡಿದವಳಲ್ಲ ನಾನು. ಗಂಟಲು ಹರಿಯುವಂತೆ ಒದರಿದೆ: "ಲೇ ಹುಚ್ಚಾ! ಧಮ್ ಇದ್ರ ಮ್ಯಾಲ ಬಾರಲೇ!"

ಅಣ್ಣ ಟವೆಲ್ ಬಿಸಾಕಿ ತಿರುಗಿದ. ನನ್ನ ಕೆನ್ನೆಗೆ ಬಾರಿಸಲೆಂದೇ ಗುಡ್ಡ ಹತ್ತಿದ; ಅಷ್ಟು ಜೋರಾಗಿ ಅವನು ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮೇಲೆ ಬಂದು ಕೈ ಎತ್ತುವಷ್ಟರಲ್ಲಿ ಅವನ ಬೆನ್ನ ಹಿಂದೆ ನೀರು ಏರಿತು. ದೊಡ್ಡ ಅಲೆಯೇನಲ್ಲ, ಸದ್ದೂ ಹೆಚ್ಚಿರಲಿಲ್ಲ. ಆದರೂ ಬಂಡೆ, ದಂಡೆ ಎಲ್ಲ ಮುಳುಗಿಸಿ, ದಂಡೆಯಲ್ಲಿಟ್ಟಿದ್ದ ನನ್ನ ಕಯಾಕನ್ನೂ ಎಳೆದುಕೊಂಡು ಹೋಯಿತು. ಸುನಾಮಿಯಲ್ಲ, ದೂರದ ಬಿರುಗಾಳಿ ಎಬ್ಬಿಸಿದ ನೀರು ಎಂದು ಅಲ್ಲಿನವರು ಆಮೇಲೆ ಹೇಳಿದರು. ಯಾವುದಾದರೇನು, ಅಣ್ಣ ಆ ನೀರಲ್ಲಿರಲಿಲ್ಲ.

ಅವನು ತಿರುಗಿ ನೋಡಿದ. ಎತ್ತಿದ ಕೈ ಮೆಲ್ಲಗೆ ನನ್ನ ತಲೆಯ ಮೇಲೆ ಇಳಿಯಿತು.

"ಇನ್ನೊಮ್ಮೆ ಲೇ ಅಂದ್ರ ನೋಡು," ಅಂದ.

"ನೀವು ಇನ್ನೊಮ್ಮೆ ಇಳಿದ್ರ, ಇನ್ನೊಮ್ಮೆ ಅಂತೀನ್ರಿ," ಅಂದೆ.