ಫಿಂಟನ್ ಪೋಣಿಸದೆ ಬಿಟ್ಟ ಐದು ಪಂದ್ಯ

ಐರ್ಲೆಂಡಿನ ಟಲಮೋರ್ ಊರಲ್ಲಿ ಬ್ರೆಡ್ ವ್ಯಾನ್ ಓಡಿಸುವ ಫಿಂಟನ್ ಗೆರಾಟಿಯಷ್ಟು ಪುಕ್ಕಲ ಬಾಜಿಗಾರ ಇನ್ನೊಬ್ಬನಿಲ್ಲ. ಗೆದ್ದರೂ ಚಿಲ್ಲರೆ, ಸೋತರೂ ಚಿಲ್ಲರೆ. ಅದಕ್ಕೇ ಪಬ್ಬಿನ ಶನಿವಾರದ ಗುಂಪು ತನ್ನ ಹಣದ ಡಬ್ಬಿಯನ್ನು ಅವನ ಕೈಗೆ ಕೊಟ್ಟಿತ್ತು.

ಡಬ್ಬಿಯಲ್ಲಿ ಇನ್ನೂರು ಯೂರೋ. ಎಲ್ಲರೂ ವಾರವಾರ ಹಾಕಿದ್ದು, ಬಾಸ್ಕೊಗಾಗಿ. ಊರ ಹುಡುಗರಿಗೆಲ್ಲ ಚೆಂಡು ಒದೆಯಲು ಕಲಿಸಿದ ಮುದುಕ ಅವನು. ಫಿಂಟನ್‌ಗೂ ಅವನೇ ಗುರು. ಈಗ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಸಮುದ್ರ ದಾಟಿ ಲಿವರ್‌ಪೂಲ್‌ನಲ್ಲಿ ಒಂದು ಆಟ ನೋಡಬೇಕೆಂಬ ಆಸೆ. ಜೊತೆಗೊಬ್ಬರು ಬೇಕೇ ಬೇಕು. ಇಬ್ಬರಿಗೆ ಆರುನೂರಾದರೂ ಆಗುತ್ತದೆ.

"ಯೋಚ್ನೆ ಏನೋ ಇದ್ರಲ್ಲಿ?" ಅಂದ ಮಾಂಸದಂಗಡಿಯ ಕಾರ್ಮಕ್. "ಶನಿವಾರ ಐದು ದೊಡ್ಡ ತಂಡ, ಐದೂ ಬಡಪಾಯಿಗಳ ಮೇಲೆ. ಎಲ್ಲಾ ಒಂದೇ ಚೀಟಿಗೆ ಪೋಣಿಸ್ಬಿಡು, ಒಂದು ಗೆದ್ದ ದುಡ್ಡು ಮುಂದಿನದ್ರ ಮೇಲೆ ಬೀಳತ್ತೆ. ಇನ್ನೂರು ಆರ್ನೂರಾಗತ್ತೆ."

"ಒಂದು ಎಡವಿದ್ರೂ ಅಷ್ಟೂ ಹೋಯ್ತಲ್ಲೋ."

"ಎಡವೋದೆಲ್ಲಿ ಮಾರಾಯ! ನಿಮ್ಮಜ್ಜಿ ಗೋಲಲ್ಲಿ ನಿಂತ್ರೂ ಗೆಲ್ತಾರೆ!"

ಒಂದೊಂದು ತಂಡ ಗೆಲ್ಲುವುದು ಫಿಂಟನ್‌ಗೂ ಖಚಿತವೇ. ಐದೂ ಒಂದೇ ದಿನ ಗೆಲ್ಲುವುದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಬ್ರೆಡ್ ಹಂಚುವವನಿಗೆ ಗೊತ್ತು: ಯಾವ ಅಂಗಡಿಯವನೂ ಸೋಮಾರಿಯಲ್ಲ, ಆದರೂ ಎಲ್ಲ ಬಾಗಿಲೂ ಹೊತ್ತಿಗೆ ಸರಿಯಾಗಿ ತೆರೆದ ಬೆಳಗು ಅಪರೂಪ. ಬಾಜಿ ಅಂಗಡಿಗೆ ಹೋಗಿ, ಯಾರಿಗೂ ಹೇಳದೆ ಐದು ಬೇರೆ ಬೇರೆ ಚೀಟಿ ಬರೆದ. ಒಂದೊಂದಕ್ಕೆ ನಲವತ್ತು, ಗೆದ್ದರೆ ಬರುವ ಲಾಭ ಬರೀ ಹತ್ತು.

ಶನಿವಾರ ಸಂಜೆಗೆ ನಾಲ್ಕು ತಂಡ ಗೆದ್ದಾಗಿತ್ತು. ಐದನೆಯದು ಟೀವಿಯಲ್ಲಿ ನಡೆಯುತ್ತಿತ್ತು, ಒಂದು ಗೋಲು ಮುಂದೆ.

"ಮಾಮಾ, ಪೆಟ್ಟಿಗೆ ಕಟ್ಟು!" ಎಂದು ಕಾರ್ಮಕ್ ಬಾಸ್ಕೊನ ಬೆನ್ನು ತಟ್ಟಿದ. ಫಿಂಟನ್ ಬಿಯರ್ ಮುಟ್ಟಲಿಲ್ಲ. ಇದೂ ಗೆದ್ದರೆ ಮುದುಕನ ಪ್ರಯಾಣವನ್ನು ಕೈಯಾರೆ ಕೊಂದವನು ತಾನೇ. ಸೋಲಲಿ ಎಂದು ಬೇಡಿಕೊಳ್ಳಲೂ ನಾಚಿಕೆ.

ಕೊನೆಯ ನಿಮಿಷದಲ್ಲಿ ಬಡಪಾಯಿ ತಂಡದ ಯಾವನೋ ಚೆಂಡಿಗೆ ತಲೆ ಕೊಟ್ಟ. ಗೋಲು. ಆಟ ಸಮವಾಯಿತು, ಬಾಜಿ ಮುಳುಗಿತು. ಪಬ್ಬು ಸಾವಿನ ಮನೆಯಂತಾಯಿತು.

"ಹೋಗ್ಲಿ ಬಿಡ್ರೋ," ಅಂದ ಬಾಸ್ಕೊ. "ರೇಡಿಯೋ ಇದ್ಯಲ್ಲ."

ಫಿಂಟನ್ ಚೀಟಿಗಳನ್ನು ಮೇಜಿನ ಮೇಲೆ ಹರವಿದ. "ನಾನು ಪೋಣಿಸ್ಲಿಲ್ಲ ಮಾಮ. ಇದು ನುಂಗಿದ ನಲವತ್ತನ್ನ ಆ ನಾಲ್ಕೂ ಹತ್ತತ್ತು ತಂದು ತುಂಬಿವೆ. ಇನ್ನೂರು ಹಾಗೇ ಇದೆ."

"ಲೋ ಕಳ್ಳಾ! ಇದೂ ಗೆದ್ದಿದ್ರೆ?" ಎಂದು ಕಾರ್ಮಕ್ ಕೂಗಿದ.

"ನೀನು ನನ್ನನ್ನ ಸಾಸೇಜ್ ಮಾಡಿ ಮಾರ್ತಿದ್ದೆ."

ನಗು ಸಿಡಿಯಿತು. ಕಾರ್ಮಕ್ ಜೇಬಿಗೆ ಕೈ ಹಾಕಿ ಐವತ್ತರ ನೋಟು ಎಳೆದ. "ದುಡ್ಡು ಸೊನ್ನೆ ಆಗಿದ್ರೆ ಮತ್ತೆ ಶುರು ಮಾಡೋಕೆ ನಂಗೆ ಮನಸ್ಸೇ ಬರ್ತಿರ್ಲಿಲ್ಲ. ಹಾಕ್ರೋ ಎಲ್ಲಾರೂ!" ಟೋಪಿ ಪಬ್ಬು ಸುತ್ತಿತು, ಕೊರತೆ ತುಂಬಿತು.

"ಜೊತೆಗೆ ಯಾರು ಮಾಮ?"

"ಈ ಪುಕ್ಕಲನೇ ಬರ್ಲಿ. ಹಡಗಲ್ಲಿ ನನ್ನ ಕೈ ಬಿಡಲ್ಲ."

ಫಿಂಟನ್ ಹೂಂ ಎಂದು ತಲೆಯಾಡಿಸಿದ. ತಾನು ಜಾಣನೆಂದು ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಟೀವಿಯಲ್ಲಿ ಕೆಸರು ಮೆತ್ತಿಕೊಂಡು ಹೊರಗೆ ಹೋಗುತ್ತಿದ್ದ, ಕೊನೆಯ ಗೋಲು ಹೊಡೆದ ಆ ಹೆಸರು ಗೊತ್ತಿಲ್ಲದ ಆಟಗಾರನ ಕಡೆಗೆ ಲೋಟ ಎತ್ತಿ, "ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ ಕಣಪ್ಪಾ," ಎಂದ.